ಎಡಗಡೆಯ ಹಕ್ಕಿ

ಅವನನ್ನು ಎಲ್ಲರೂ ಡೌಟಣ್ಣ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಹಗಲು ಗೋದಾಮಿನಲ್ಲಿ ಸಾಮಾನು ಎತ್ತಿಡುವ ಗಾಡಿ, ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕದ ಮೂಲೆಯಲ್ಲಿ ಫೋನು ನಿಲ್ಲಿಸಿಕೊಂಡು, ಟಿವಿಗೆ ಜೋಡಿಸಿ ಆಡುವ, ಇನ್ನೂ ಬರಲಿರುವ ಗೇಮ್ ಕನ್ಸೋಲ್‌ಗಳ ಬಗ್ಗೆ ತನ್ನ ಅಭಿಪ್ರಾಯ ಹೇಳಿ ವಿಡಿಯೊ ಬಿಡುವುದು ಎರಡನೆಯ ಕಸುಬು. ಇಪ್ಪತ್ತು ಸಾವಿರ ಜನ ನೋಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮೊದಲು ನೋಡುವವನು ಅವನದೇ ಗೋದಾಮಿನ ಸೂಪರ್‌ವೈಸರ್.

ಡೌಟಣ್ಣನ ಬಾಯಿಂದ ಯಾವ ಕಂಪನಿಯೂ ಒಳ್ಳೆಯ ಮಾತು ಕೇಳಿದ್ದಿಲ್ಲ. ಮುಂದಿನ ಕನ್ಸೋಲಿಗೆ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲವಂತೆ ಎಂಬ ಸುದ್ದಿ ಬಂದಾಗ, ಆಟ ನಮ್ಮ ಮನೆಯಲ್ಲಿ, ಬೀಗದ ಕೈ ಅವರ ಸೊಂಟದಲ್ಲಿ, ಇದಕ್ಕೆ ಹೊಸತನ ಅಂತ ಹೆಸರು ಬೇರೆ ಕೇಡು ಎಂದು ಉಗಿದಿದ್ದ. ಟ್ರೇಲರಿನಲ್ಲಿ ಕುದುರೆಯ ಮೈಮೇಲಿನ ಬೆವರ ಹನಿ ತೋರಿಸಿದರೆ ಇವನು ಬೆವರು ನೋಡುವವನಲ್ಲ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದ ‘ಇದು ಆಟದ ನಿಜವಾದ ದೃಶ್ಯವಲ್ಲ’ ಎಂಬುದನ್ನು ಹುಡುಕಿ ದೊಡ್ಡದು ಮಾಡಿ ತೋರಿಸುವವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನ ಪ್ರತಿ ವಿಡಿಯೊದ ಕೊನೆಯ ಮಾತು. ಇನ್ನು ವರ್ಚುವಲ್ ರಿಯಾಲಿಟಿ ಎಂದರಂತೂ ಮೈಯೆಲ್ಲ ಉರಿ. ಹತ್ತು ವರ್ಷದಿಂದ ‘ಮುಂದಿನ ವರ್ಷ ನೋಡಿ’ ಎನ್ನುತ್ತಲೇ ಇದ್ದಾರೆ, ದುಡ್ಡು ಕೊಟ್ಟು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳುವ ಆಟ ಇದು ಎನ್ನುತ್ತಿದ್ದ. ಟಿವಿಯಾದರೆ ಎಲ್ಲ ಎದುರಿಗೇ ಇರುತ್ತದೆ, ಮೋಸ ಮಾಡಿದರೂ ಮುಖಕ್ಕೆ ಮುಖ ಕೊಟ್ಟೇ ಮಾಡಬೇಕು.

ಹಾಗಂತ ಬಾಯಿಗೆ ಬಂದದ್ದು ಹೇಳುವ ಜಾತಿಯಲ್ಲ ಅವನು. ಯಾವುದಾದರೂ ಸಾಮಾನಿನಲ್ಲಿ ದೋಷ ಕಂಡರೆ ಅದಕ್ಕೊಂದು ಕ್ರಮವಿತ್ತು: ಒಂದು ಸಲಕ್ಕೆ ಒಂದೇ ಬದಲಾಯಿಸು. ವೈರು ಬದಲಾಯಿಸು, ನೋಡು. ಪ್ಲಗ್ಗು ಬದಲಾಯಿಸು, ನೋಡು. ಯಾವುದನ್ನು ತೆಗೆದಾಗ ದೋಷ ಹೋಗುತ್ತದೋ ಅದೇ ಕಳ್ಳ. ಈ ಕ್ರಮಕ್ಕಾಗಿಯೇ ಜನ ಅವನನ್ನು ನಂಬುತ್ತಿದ್ದರು.

ಅಂಥವನ ಭಾಮೈದ ಹೋಗಿ ಹೋಗಿ ಆ ವರ್ಚುವಲ್ ರಿಯಾಲಿಟಿಗೆ ಕಣ್ಣು ಮುಚ್ಚುವಂತೆ ತೊಡುವ ಹೆಡ್‌ಸೆಟ್ ತರಿಸುವ ಕಂಪನಿಯಲ್ಲೇ ಕೆಲಸಕ್ಕೆ ಸೇರಬೇಕೇ. ಅಂಗಡಿ ಅಂಗಡಿಗೆ ಹೋಗಿ ಗಿರಾಕಿಗಳ ತಲೆಗೆ ಹೆಡ್‌ಸೆಟ್ ತೊಡಿಸಿ ತೋರಿಸುವ ಕೆಲಸ, ಮೂರು ತಿಂಗಳ ಪರೀಕ್ಷೆಯ ಅವಧಿ. ಎರಡು ವರ್ಷ ಕೆಲಸವಿಲ್ಲದೆ ಅಲೆದವನಿಗೆ ಇದು ಸಿಕ್ಕಿದ್ದೇ ದೊಡ್ಡದು. ಹೆಂಡತಿಯ ಒಬ್ಬನೇ ತಮ್ಮ. ಭಾವನ ಪಕ್ಕ ಅದೇ ಸೋಫಾದಲ್ಲಿ ಕೂತು ಹದಿನೈದು ವರ್ಷ ಕಂಟ್ರೋಲರ್ ಒತ್ತಿದವನು. ಇನ್ನೂ ಮಾರುಕಟ್ಟೆಗೆ ಬರದ ಹೊಸ ಹೆಡ್‌ಸೆಟ್ಟನ್ನು ಮೇಲಿನವರ ಕಣ್ಣು ತಪ್ಪಿಸಿ ಒಂದು ವಾರಕ್ಕೆ ತಂದುಕೊಟ್ಟ. ಹೊಗಳಿ ಅಂತ ಹೇಳಲ್ಲ ಭಾವ, ಸರಿಯಾಗಿ ನೋಡಿ ಆಮೇಲೆ ಬೈಯಿರಿ, ಅಷ್ಟೇ ಎಂದ. ಡೌಟಣ್ಣನಿಗೆ ಆ ಮಾತಿನಲ್ಲೇ ಏನೋ ವಾಸನೆ ಬಂತು. ಬೈಯಿರಿ ಅಂತ ಯಾರಾದರೂ ಹೇಳುತ್ತಾರೆಯೇ?

ಜೊತೆಗೆ ಬಂದಿದ್ದ ಆಟ ಸುಲಭದ್ದು. ಗೋಪುರದ ಮೇಲೆ ನಿಂತು, ನಾಲ್ಕೂ ಕಡೆಯಿಂದ ಹಾರಿಬರುವ ಹಕ್ಕಿಗಳನ್ನು ಕೈಯ ಕೋಲಿನಿಂದ ಓಡಿಸಬೇಕು. ಎದುರಿನವನ್ನು ಓಡಿಸಿದ, ಬಲದವನ್ನು ಓಡಿಸಿದ. ಎಡದಿಂದ ಬಂದದ್ದು ಮಾತ್ರ ಕಾಣಿಸಿಕೊಳ್ಳದೆಯೇ ಬಂದು ಬಡಿಯಿತು. ಮತ್ತೊಂದು ಬಡಿಯಿತು. ಹತ್ತು ಸಲ ಆಡಿದ, ಹತ್ತು ಸಲವೂ ಎಡಗಡೆಯಿಂದಲೇ ಸತ್ತ. ಸಿಕ್ಕಿಬಿದ್ದರು ಮಕ್ಕಳು ಎಂದುಕೊಂಡ.

ಕ್ರಮ ಶುರುವಾಯಿತು. ಪಟ್ಟಿ ಬಿಗಿ ಮಾಡಿದ, ಗಾಜು ಒರೆಸಿದ, ವೈರು ಬದಲಾಯಿಸಿದ, ಹಜಾರ ಬಿಟ್ಟು ಮಲಗುವ ಕೋಣೆಗೆ ಹೋದ. ಭಾಮೈದನಿಗೆ ಹೇಳಿ ಎರಡನೆಯ ಹೆಡ್‌ಸೆಟ್ ತರಿಸಿದ. ಅದೇ ಕಥೆ. ಟಿವಿಗೆ ಜೋಡಿಸಿ ರೆಕಾರ್ಡ್ ಮಾಡಿ ನೋಡಿದಾಗ ಇನ್ನೂ ವಿಚಿತ್ರ: ಟಿವಿಯಲ್ಲಿ ಹಕ್ಕಿ ಚೆನ್ನಾಗಿ ಕಾಣುತ್ತಿದೆ, ರೆಕ್ಕೆ ಬಡಿಯುತ್ತಾ ಬರುತ್ತಿದೆ. ಹೆಡ್‌ಸೆಟ್ಟಿನೊಳಗೆ ಮಾತ್ರ ಇಲ್ಲ. ಹಾಗಾದರೆ ನೋಡುವ ಜನರಿಗೆ ಒಂದು, ತೊಡುವವನಿಗೆ ಇನ್ನೊಂದು! ಒಳಗಿನ ಪರದೆಯ ಅಂಚಿನ ಭಾಗ ಬೆಳಗಿಸದೆ ಖರ್ಚು ಉಳಿಸುತ್ತಿದ್ದಾರೆ ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಅನುಮಾನವೇ ಉಳಿಯದಿದ್ದದ್ದು ಜೀವಮಾನದಲ್ಲಿ ಅದೊಂದು ಸಲ, ಅದೇ ಸಲ ಎಡವಿದ.

ಭಾಮೈದ ಅವನ ಕಣ್ಣೆದುರೇ ಹೆಡ್‌ಸೆಟ್ ತೊಟ್ಟು, ಎಡಗಡೆಯ ಹಕ್ಕಿಗಳನ್ನೆಲ್ಲ ಒಂದೊಂದಾಗಿ ಓಡಿಸಿ ತೋರಿಸಿದ. ನಂಗೆ ಕಾಣ್ತಿದೆಯಲ್ಲ ಭಾವ ಎಂದ.

“ಕಾಣ್ದೆ ಏನು. ಸಂಬಳ ಕೊಡೋರು ತೋರಿಸಿದ್ದೆಲ್ಲ ಕಾಣುತ್ತೆ,” ಎಂದುಬಿಟ್ಟ ಡೌಟಣ್ಣ.

ಭಾಮೈದ ಹೆಡ್‌ಸೆಟ್ ತೆಗೆದು ನಿಧಾನವಾಗಿ ಮೇಜಿನ ಮೇಲಿಟ್ಟ. ತಾಳ ಹಾಕಿಕೊಂಡು ಆಡುತ್ತಿದ್ದಾನೆ, ಎಲ್ಲಿ ಹಕ್ಕಿ ಬರುತ್ತದೆಂದು ಬಾಯಿಪಾಠ ಮಾಡಿದ್ದಾನೆ ಎಂದೂ ಡೌಟಣ್ಣನ ತಲೆಯಲ್ಲಿ ಓಡುತ್ತಿತ್ತು. ಹೆಂಡತಿಗೆ ತೊಡಿಸಿ ಕೇಳೋಣವೆಂದರೆ ಅವಳು ಅವನ ಅಕ್ಕ, ಇಬ್ಬರೂ ಒಂದೇ ಬಳ್ಳಿಯ ಕಾಯಿ. ಕೇಳಲೇ ಇಲ್ಲ. ಭಾಮೈದ ಎರಡೂ ಹೆಡ್‌ಸೆಟ್ ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿ ಹೋದ.

ಬುಧವಾರ ವಿಡಿಯೊ ಹೋಯಿತು. ‘ಎಡಗಡೆ ಕುರುಡು’ ಎಂದು ಹೆಸರಿಟ್ಟಿದ್ದ. ಗಂಟೆಯೊಳಗೆ ಐದು ಸಾವಿರ ಜನ ನೋಡಿದರು. ಅರ್ಧ ಜನ ಭೇಷ್ ಎಂದರು. ಉಳಿದರ್ಧ ಜನ ಹಕ್ಕಿ ಕಾಣ್ತಿದೆಯಲ್ಲಪ್ಪ ಎಂದರು. ಯಾರೋ ಒಬ್ಬ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬರೆದ. ಅವನು ಕಂಪನಿಯ ಕಡೆಯವನೇ ಎಂದು ಡೌಟಣ್ಣ ತೀರ್ಮಾನಿಸಿ ಊಟಕ್ಕೆ ಕೂತ.

ಗುರುವಾರ ಸಂಜೆ ಮನೆಗೆ ಬಂದರೆ ಹೊಲಿಗೆ ಮೆಷಿನ್ ಸುಮ್ಮನಿತ್ತು. ಹೆಂಡತಿ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಂಪನಿಯವರು ಅವಳ ತಮ್ಮನನ್ನು ಕರೆಸಿದ್ದರು. ಹೆಡ್‌ಸೆಟ್ ಹೊರಗೆ ಕೊಟ್ಟದ್ದು ಒಂದು ತಪ್ಪು. ಎಂಜಿನಿಯರ್ ಎರಡನ್ನೂ ಅಳೆದು ನೋಡಿ ದೋಷವಿಲ್ಲ ಎಂದಿದ್ದ. ಹಾಗಾದರೆ ನಿಮ್ಮ ಭಾವ ಸುಳ್ಳುಗಾರ, ಅವನ ಕೈಲಿ ಹಾಗಂತ ಹೇಳಿಸು, ಇಲ್ಲದಿದ್ದರೆ ಶನಿವಾರಕ್ಕೆ ನಿನ್ನ ಲೆಕ್ಕ ಚುಕ್ತಾ ಎಂದಿದ್ದರಂತೆ.

“ಅದಕ್ಕೆ ಅವನೇನಂದ ಗೊತ್ತಾ?” ಎಂದಳು ಹೆಂಡತಿ. “ನಮ್ಮ ಭಾವ ಅನುಮಾನ ಪಡ್ತಾರೆ, ಸುಳ್ಳು ಹೇಳಲ್ಲ ಅಂದ. ಕೆಲಸ ಹೋದ್ರೂ ಆ ಮಾತು ವಾಪಸ್ ತಗೊಳಲ್ಲ ಅಂದ.”

ಡೌಟಣ್ಣನಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ಸಂಕಟವಾಯಿತು, ನಾಚಿಕೆಯೂ ಆಯಿತು. ಆದರೂ ಬಾಯಿ ಕೇಳಬೇಕಲ್ಲ, ಕಂಡದ್ದು ಕಂಡ ಹಾಗೆ ಹೇಳಿದ್ದೇನೆ, ನಾನು ಎಲ್ಲ ಬದಲಾಯಿಸಿ ನೋಡಿದ್ದೇನೆ ಎಂದು ಗೊಣಗಿದ. ಹೆಂಡತಿ ಫೋನು ಮಡಿಲಿನಿಂದ ತೆಗೆದಿಟ್ಟು ಎದ್ದಳು.

“ರೀ, ಎಲ್ಲ ಬದಲಾಯಿಸಿದ್ರಿ. ತಲೆ ಯಾರದು ಇತ್ತು ಒಳಗೆ?”

ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಬಲಗಣ್ಣು ಮುಚ್ಚಿಕೊಳ್ಳಿ, ನನ್ನ ಮೂಗು ನೋಡಿ, ಕಣ್ಣು ಆಚೀಚೆ ಆಡಿಸಬೇಡಿ ಎಂದಳು. ಕೆಂಪು ನೂಲಿನ ಉಂಡೆ ಹಿಡಿದು ಅವನ ಎಡಗಿವಿಯ ಬಳಿಯಿಂದ ಮೆಲ್ಲಗೆ ಮುಂದಕ್ಕೆ ತಂದಳು. ಕಂಡರೆ ಹೇಳಿ ಎಂದಳು. ಅವನು ಕಾಯುತ್ತಲೇ ಇದ್ದ. ತರುತ್ತಿದ್ದೀಯೋ ಇಲ್ಲವೋ ಎಂದು ಕೇಳಿದ. ಉಂಡೆ ಅವನಿಗೆ ಕಂಡಾಗ ಅದು ಹೆಚ್ಚುಕಡಿಮೆ ಅವಳ ಮೂಗಿನ ಪಕ್ಕದಲ್ಲಿತ್ತು. ಕೈ ಹಿಂದೆ ಬಚ್ಚಿಟ್ಟುಕೊಂಡಿದ್ದೆ ತಾನೆ ಎಂದ. ಹೌದು, ನಿಮಗೆ ಮೋಸ ಮಾಡೋದಕ್ಕೇ ನಾನು ಮದುವೆ ಆಗಿರೋದು ಎಂದಳು. ಇನ್ನೊಂದು ಕಣ್ಣಿಗೆ ಮಾಡಿದಾಗ ಉಂಡೆ ಕಿವಿ ದಾಟಿದ್ದೇ ತಡ ಕಂಡಿತು.

ಆಗ ಅವಳೂ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಹೇಳಿದಳು. ಆರು ತಿಂಗಳಿಂದ ಅವನು ಎಡಗಡೆಯ ಬಾಗಿಲಿಗೆ ಭುಜ ಬಡಿದುಕೊಳ್ಳುತ್ತಿದ್ದ, ಎಡಕ್ಕಿಟ್ಟ ನೀರಿನ ಲೋಟ ಚೆಲ್ಲುತ್ತಿದ್ದ. ಗುಟ್ಟಾಗಿ ಕುಡಿಯಲು ಕಲಿತಿದ್ದಾನೆ ಎಂದುಕೊಂಡು ದಿನಾ ಅವನ ಅಂಗಿ ಮೂಸಿ ನೋಡುತ್ತಿದ್ದಳಂತೆ. ಡೌಟಣ್ಣನಿಗೆ ಗೋದಾಮು ನೆನಪಾಯಿತು. ಎರಡು ಸಲ ಎಡಗಡೆಯ ರ‍್ಯಾಕಿಗೆ ಫೋರ್ಕ್‌ಲಿಫ್ಟ್ ತಾಗಿಸಿದ್ದ. ಎರಡು ಸಲವೂ ಯಾರೋ ಹೊಟ್ಟೆಕಿಚ್ಚಿನವರು ರ‍್ಯಾಕ್ ಸರಿಸಿದ್ದಾರೆ ಎಂದು ಜಗಳ ತೆಗೆದಿದ್ದ.

ಶುಕ್ರವಾರ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಂದವನು ಭಾಮೈದನೇ.

ಅಲ್ಲಿ ಒಂದು ಕತ್ತಲೆ ಕೋಣೆಯಲ್ಲಿ ಬಿಳಿ ಬೋಗುಣಿಯಂಥ ಮೆಷಿನ್. ಗಲ್ಲ ಅದರ ಅಂಚಿಗೆ ಊರಿ, ನಡುವಿನ ಹಳದಿ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವ ಹೆಂಗಸು ಇಷ್ಟು ವಿವರಿಸಿದ್ದೇ ಡೌಟಣ್ಣನಿಗೆ ಸ್ವಲ್ಪ ಜೀವ ಬಂತು. ಒಂದೇ ಗುಂಡಿಯ ಕಂಟ್ರೋಲರ್, ಇದೂ ಒಂದು ಆಟ. ಬಲಗಣ್ಣಿನಲ್ಲಿ ಒಂದೂ ಬಿಡಲಿಲ್ಲ.

ಎಡಗಣ್ಣಿನ ಸರದಿ ಬಂತು. ಕೆಲವು ಬೆಳಕು ಕಂಡವು. ಆಮೇಲೆ ಬರೀ ಮೆಷಿನ್ನಿನ ಸದ್ದು, ಬೆಳಕಿಲ್ಲ. ಹಳೆಯ ಚಾಳಿಗೆ, ಈ ಹೆಂಗಸು ಬೆಳಕು ಹಾಕುತ್ತಿಲ್ಲ ಎನ್ನಿಸಿತು. ಮರುಕ್ಷಣವೇ ಗೋದಾಮು ಕಣ್ಣ ಮುಂದೆ ಬಂತು. ಈ ಪರೀಕ್ಷೆಯ ಕಾಗದದಲ್ಲಿ ಕೆಟ್ಟದ್ದು ಬಂದರೆ ಫೋರ್ಕ್‌ಲಿಫ್ಟ್ ಕೀ ಕೊಟ್ಟುಬಿಡಬೇಕು, ಹದಿನೆಂಟು ವರ್ಷದ ಕೈಕಸುಬು. ಪ್ರತಿ ಬೆಳಕಿಗೂ ಮೊದಲು ಮೆಷಿನ್ ಟಿಕ್ ಎನ್ನುತ್ತದೆಂದು ಅವನ ಕಿವಿ ಆಗಲೇ ಹಿಡಿದಿತ್ತು. ಎಷ್ಟು ಆಟಗಳನ್ನು ತಾಳದ ಮೇಲೇ ಗೆದ್ದ ಬೆರಳು ಅದು. ಟಿಕ್ ಎಂದಾಗಲೆಲ್ಲ ಒತ್ತಿದ. ಒತ್ತುತ್ತಲೇ ಹೋದ.

ಹೆಂಗಸು ಮೆಷಿನ್ ನಿಲ್ಲಿಸಿದಳು. “ಆಗಾಗ ಇದು ಬೆಳಕೇ ಹಾಕದೆ ಬರೀ ಸದ್ದು ಮಾಡುತ್ತೆ ಸಾರ್, ಸುಮ್ಮನೆ ಒತ್ತುತ್ತಾರಾ ಅಂತ ನೋಡೋಕೆ. ಆಗಲೂ ಒತ್ತಿದ್ದೀರಿ. ಕಾಣ್ದೆ ಇದ್ರೆ ಒತ್ತಬೇಡಿ.”

ತನಗಿಂತ ದೊಡ್ಡ ಡೌಟಣ್ಣ ಈ ಮೆಷಿನ್. ನಗು ಬರಬೇಕಿತ್ತು, ಬರಲಿಲ್ಲ. ಕಂಡದ್ದು ಕಂಡ ಹಾಗೆ ಹೇಳುತ್ತೇನೆ ಎಂದು ಇಪ್ಪತ್ತು ಸಾವಿರ ಜನರೆದುರು ಎದೆ ತಟ್ಟಿಕೊಂಡವನು ಕಾಣದ್ದಕ್ಕೆ ಗುಂಡಿ ಒತ್ತಿದ್ದ. ಹೊರಗೆ ಬೆಂಚಿನ ಮೇಲೆ ಕೂತ ಭಾಮೈದ ಇವನ ಮಾತಿಗೆ ಜಾಮೀನು ನಿಂತು ಕೆಲಸ ಕಳೆದುಕೊಳ್ಳುತ್ತಿದ್ದಾನೆ. ಇನ್ನೊಂದು ಸಲ ಶುರು ಮಾಡಿ ಎಂದ. ಗಲ್ಲ ಊರಿದ. ಟಿಕ್. ಒತ್ತಲಿಲ್ಲ. ಟಿಕ್. ಒತ್ತಲಿಲ್ಲ. ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದು ಕೂತ. ಅಷ್ಟೊಂದು ಸಲ ಸುಮ್ಮನಿರಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ.

ಕಾಗದದಲ್ಲಿ ಎಡಗಣ್ಣಿನ ಎಡಭಾಗವೆಲ್ಲ ಕಪ್ಪು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು, ದಿನಾ ಹನಿ ಹಾಕಿಕೊಳ್ಳಬೇಕು ಎಂದರು ಡಾಕ್ಟರು. ಗಾಡಿ ಗೀಡಿ ಓಡಿಸುವ ಕೆಲಸ ಸದ್ಯಕ್ಕೆ ಬೇಡ ಎಂದೂ ಹೇಳಿದರು.

ಹೊರಗೆ ಬಂದರೆ ಬೆಂಚು ಖಾಲಿ. ಹೊರಟುಹೋದ, ಸಾಕಾಯಿತು ಅವನಿಗೆ, ಹೋಗಲಿ ಬಿಡು ಎಂದುಕೊಂಡು ನಿಂತ.

“ಭಾವ, ಇಲ್ಲೇ ಇದ್ದೀನಿ.”

ಅವನ ಎಡ ಭುಜದ ಪಕ್ಕದಲ್ಲೇ ನಿಂತಿದ್ದ. ಬಾಗಿಲು ತೆರೆದಾಗಿನಿಂದ ಅಲ್ಲೇ ಇದ್ದನಂತೆ.

ಡೌಟಣ್ಣ ಅವನ ಕೈಗೆ ತನ್ನ ಫೋನು ಕೊಟ್ಟು ವಿಡಿಯೊ ಹಿಡಿ ಎಂದ. ಭಾಮೈದ ಕಾಗದ ನೋಡಿದ, ಡಾಕ್ಟರು ಹೇಳಿದ್ದನ್ನು ಭಾವನ ಬಾಯಿಂದ ಕೇಳಿಸಿಕೊಂಡ, ಫೋನು ಕೆಳಗಿಳಿಸಿದ. ಕಣ್ಣಿನ ಮಾತು ಬೇಡ ಭಾವ, ನಿಮ್ಮ ಗೋದಾಮಿನ ಸೂಪರ್‌ವೈಸರ್ ನೋಡುತ್ತಾನೆ, ತಪ್ಪಾಯಿತು ಅಂತ ಅಷ್ಟೇ ಹೇಳಿಬಿಡಿ ಎಂದ. ಬರೀ ತಪ್ಪಾಯಿತು ಎಂದರೆ ಜನ ಏನು ಹೇಳುತ್ತಾರೆಂದು ಡೌಟಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಅವನಾಗಿದ್ದರೂ ಅದನ್ನೇ ಹೇಳುತ್ತಿದ್ದ: ಭಾಮೈದ ಬಾಯಿ ಮುಚ್ಚಿಸಿದ್ದಾನೆ. ಕಾಗದ ಬಿಡಿಸಿ ಎದೆಯ ಮುಂದೆ ಹಿಡಿದ.

“ಹೆಡ್‌ಸೆಟ್ ಸರಿಯಾಗೇ ಇದೆ. ಎಡಗಡೆ ಹಕ್ಕಿ ಬರುತ್ತೆ. ನನ್ನ ಕಣ್ಣಿಗೇ ಅದು ಕಾಣ್ತಿರಲಿಲ್ಲ, ಇದು ಅದರ ಕಾಗದ. ನನ್ನ ಭಾಮೈದ ಮೊದಲಿನಿಂದಲೂ ನಿಜಾನೇ ಹೇಳ್ತಿದ್ದ. ನಾನು ನಂಬಲಿಲ್ಲ.”

ಬೆಳ್ಳಗಿರೋದೆಲ್ಲ ಎಂದು ಶುರು ಮಾಡಿ, ಮುಂದಕ್ಕೆ ಹೇಳಲಾಗದೆ ನಿಲ್ಲಿಸು ಎಂದು ಕೈ ಮಾಡಿದ.

ಅಲ್ಲಿಂದಲೇ ವಿಡಿಯೊ ಬಿಟ್ಟ ಐದು ನಿಮಿಷಕ್ಕೆ ಸೂಪರ್‌ವೈಸರನ ಫೋನು ಬಂತು. ದನಿಯಲ್ಲಿ ಬೇಜಾರಿತ್ತು, ಸಿಟ್ಟಿರಲಿಲ್ಲ. ಸೋಮವಾರ ಕೀ ತಂದು ಕೊಡು, ಕೂತು ಮಾಡುವ ಕೆಲಸ ಏನಾದರೂ ಇದೆಯಾ ನೋಡೋಣ, ಮಾತು ಕೊಡೋಕಾಗಲ್ಲ ಎಂದ. ಆಯ್ತು ಸಾರ್ ಎಂದು ಡೌಟಣ್ಣ ಫೋನು ಜೇಬಿಗಿಟ್ಟ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಭಾಮೈದ ಸುತ್ತಿಬಂದು ಅವನ ಎಡಗಡೆಗೆ ನಿಂತು ತೋಳು ಹಿಡಿದುಕೊಂಡ. ಬೇರೆ ದಿನವಾಗಿದ್ದರೆ ಯಾಕೆ ಹಿಡ್ಕೊಂಡೆ, ಏನು ಬೇಕಿತ್ತು ಎಂದು ಕೇಳುತ್ತಿದ್ದ. ಈಗ ಎಷ್ಟು ಮೆಟ್ಟಿಲಿದೆ ಎಂದಷ್ಟೇ ಕೇಳಿದ. ಇನ್ನು ಮೂರು ಎಂದ ಭಾಮೈದ. ಡೌಟಣ್ಣ ಎಣಿಸಿ ನೋಡದೆ ಇಳಿದ.