ದಿಂಬಿನ ಎತ್ತರ

ನನ್ನ ಕೋಣೆಯ ಗೋಡೆಗೆ ತಾಗಿಸಿಟ್ಟ ಬಟ್ಟೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಚಾಪೆಯನ್ನು ಒಂದು ಮೊಳ ಈಚೆಗೆ ಹಾಸಬೇಕು. ಹಾಗೆ ಹಾಸಿದರೆ ಇಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ಹೆಂಡತಿ ಗೋಡೆ ಕಡೆ ಮಲಗುತ್ತಿದ್ದಳು. ಹೋದ ಚಳಿಗಾಲ ಕೆಮ್ಮಿ ಕೆಮ್ಮಿ ತೀರಿಹೋದಳು. ಈಗ ಜಾಗ ಬೇಕಾದಷ್ಟಿದೆ.

ನಾನು ಹಲಗೆ ಕಾರ್ಖಾನೆಯ ಲ್ಯಾಬಿನಲ್ಲಿ ತೇವ ಅಳೆಯುವವನು. ಮೀಟರಿನ ಎರಡು ಸೂಜಿ ಹಲಗೆಗೆ ಚುಚ್ಚಿದರೆ ಅಂಕಿ ಬರುತ್ತದೆ; ಹದಿನೈದು ದಾಟಿದರೆ ಹಸಿ. ಸಂಶಯ ಬಂದರೆ ಚೂರು ಕತ್ತರಿಸಿ, ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗುತ್ತೇನೆ. ಹಲಗೆಗೆ ತೇವ ತಾಕದಿರಲೆಂದು ಉಗ್ರಾಣಕ್ಕೆ ಬಿಸಿಗಾಳಿ ಬಿಡುತ್ತಾರೆ. ಇಡೀ ದಿನ ಮಾತಿಗೆ ನನಗಿರುವುದು ಆ ಮೀಟರೊಂದೇ.

ವರ್ಷಕ್ಕೊಮ್ಮೆ ನಮ್ಮ ಕ್ವಾರ್ಟರ್ಸ್ ಗೋಡೆಗೂ ಅದೇ ಮೀಟರು. ಜೊತೆಗೆ ಕ್ವಾರ್ಟರ್ಸ್ ನೋಡಿಕೊಳ್ಳುವ ಸಾಹೇಬರು ಬರುತ್ತಾರೆ. 'ಎದೆಯ ಎತ್ತರದಲ್ಲಿ ಅಳೆಯತಕ್ಕದ್ದು' ಎಂದು ಫಾರಂನಲ್ಲೇ ಅಚ್ಚಾಗಿದೆ. ನೆಲದ ನೀರು ಗೋಡೆಯಲ್ಲಿ ಅಷ್ಟು ಮೇಲಕ್ಕೆ ಏರುವುದಿಲ್ಲ. ನನಗೆ ಗೊತ್ತಿತ್ತು. ಆದರೂ ಹೋದ ವರ್ಷ 'ಒಣಗಿದೆ' ಎಂದು ಹನ್ನೊಂದು ಕೋಣೆಗೂ ಸಹಿ ಹಾಕಿದೆ. ನನ್ನದಕ್ಕೂ.

ಈ ಸಲ ಮೊದಲು ಪಕ್ಕದ ಮನೆ. ಒಣ ಕೋಣೆ ಕೊಡಿ ಎಂದು ಅಲ್ಲಿಯವಳು ಅರ್ಜಿ ಹಾಕಿದ್ದಳು. ಅವಳ ಮೂರು ತಿಂಗಳ ಮಗು ಗೋಡೆ ಬದಿಯಲ್ಲಿ ಗೊರಗೊರ ಉಸಿರಾಡುತ್ತ ಮಲಗಿತ್ತು. ಎದೆಯೆತ್ತರಕ್ಕೆ ಚುಚ್ಚಿದೆ. ಹತ್ತು ಬಂತು.

"ನೋಡಮ್ಮ, ಹದಿನೈದರ ಒಳಗೇ ಇದೆ. ಗೋಡೆ ಗರಿಗರಿಯಾಗಿದೆ" ಎಂದರು ಸಾಹೇಬರು.

"ನಾವೇನು ನಿಂತ್ಕೊಂಡು ಮಲಗ್ತೀವಾ, ಸಾರ್?"

"ಬಾಯಿ ಜೋರು ನಿಂದು. ರೂಲ್ಸು ನಾನು ಮಾಡಿದ್ದಲ್ಲ." ನನ್ನ ಕಡೆ ತಿರುಗಿದರು. "ಸಹಿ ಹಾಕಯ್ಯ."

ಪೆನ್ನು ತೆಗೆದೆ. ಅವಳು ಮೆಲ್ಲಗೆ ಕೇಳಿದಳು: "ಅಣ್ಣ, ಅತ್ತಿಗೆ ಮಲಗ್ತಿದ್ದ ಜಾಗಾನ ಒಂದ್ಸಲನಾದ್ರೂ ಅಳೆದ್ರಾ?"

ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ. ಮಂಡಿಯೂರಿದೆ.

"ಮಗೂನ ಎತ್ಕೋ, ತಂಗಿ."

ಪುಟ್ಟ ದಿಂಬಿನ ಪಕ್ಕದ ಗೋಡೆಗೇ ಸೂಜಿ ಚುಚ್ಚಿದೆ. ಮೂವತ್ತೊಂದು.

"ಹಲಗೆ ಇಷ್ಟು ಹಸಿ ಇದ್ರೆ ಲಾರಿ ಸಮೇತ ವಾಪಸ್ ಕಳಿಸ್ತೀವಿ. ಬಗ್ಗಿ ನೋಡಿ, ಸಾರ್."

ಅವರು ಬಗ್ಗಲಿಲ್ಲ. "ಕೆಲಸ ಬೇಡ್ವೇನಯ್ಯ ನಿಂಗೆ?"

ಬೇಕಿತ್ತು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಆದರೂ 'ದಿಂಬಿನ ಎತ್ತರ: ಮೂವತ್ತೊಂದು' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದೆ. ಸಾಹೇಬರು ದಡದಡ ಆಫೀಸಿಗೆ ಹೋದರು.

ಬಾಗಿಲಲ್ಲಿ ಜನ ಸೇರಿದ್ದರು. "ನಮ್ಮನೇದೂ ನೋಡಣ್ಣ" ಎಂದರು. ಮನೆ ಮನೆಗೂ ಮಂಡಿಯೂರಿದೆ. "ಮೀಟರ್ ಸರಿ ಇದೆ, ನಿನ್ ಮಂಡೀದೇ ಅನುಮಾನ" ಎಂದ ಮುದುಕ ಡ್ರೈವರ್. ನಕ್ಕೆವು. ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

ಕೊನೆಗೆ ನನ್ನ ಕೋಣೆ. ಚಾಪೆಯನ್ನು ಮೊದಲಿನಂತೆ ಗೋಡೆಯವರೆಗೂ ಹಾಸಿದೆ. ಹೆಂಡತಿಯ ತಲೆಯಿರುತ್ತಿದ್ದ ಕಡೆ ಚುಚ್ಚಿದೆ. ಮೂವತ್ತೆಂಟು. ಎಷ್ಟೆಂದು ಯಾರೂ ಕೇಳಲಿಲ್ಲ.

ಪಕ್ಕದ ಮನೆಯವಳು ಮಗುವಿನ ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಸಾಹೇಬ್ರಿಗೆ ಬಗ್ಗೋಕಾಗಲ್ಲ ಅಲ್ವಾ? ದಿಂಬನ್ನ ಅವ್ರ ಮೇಜಿನ ಮೇಲೇ ಇಡೋಣ, ನಡೀರಿ."

ಎಲ್ಲರೂ ತಮ್ಮ ತಮ್ಮ ದಿಂಬು ಹೊತ್ತು ಆಫೀಸಿನ ಕಡೆ ನಡೆದೆವು. ನನ್ನ ಕೈಯಲ್ಲಿದ್ದದ್ದು ಹೆಂಡತಿಯದು. ಅದರ ತೇವ ಇನ್ನೂ ಆರಿರಲಿಲ್ಲ.