ಕುಲುಮೆಯ ಮೇಲೆ ಒದ್ದೆ ಗೋಣಿ

ಕದಿರಪ್ಪ ಕುಲುಮೆಯ ಮೇಲೆ ಒದ್ದೆ ಗೋಣಿ ಹೊದಿಸಿ, ಅದು ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಹೇರುತ್ತಿದ್ದಾಗ ಮಹೇಂದ್ರನ ಬುಲೆಟ್ಟು ಬಂದು ನಿಂತಿತು. ಮಹೇಂದ್ರ ಇಳಿಯಲಿಲ್ಲ. ಇಂಜಿನ್ ಆರಿಸದೆ, ಒಂದು ಕಾಲು ಮಾತ್ರ ನೆಲಕ್ಕೆ ಊರಿ, ಗೋಣಿಯನ್ನೇ ನೋಡಿದ.

"ಏನ್ ಕದಿರಪ್ಪಣ್ಣ, ಕುಲುಮೆಗೆ ಚಳಿನಾ?"

ಕದಿರಪ್ಪ ಇನ್ನೊಂದು ಕಲ್ಲು ಇಟ್ಟ.

"ನೋಡು, ನರೇಂದ್ರ ಸತ್ತಿದ್ದು ರೋಡಲ್ಲಿ. ಕುಡಿದು ಬೈಕ್ ಸ್ಕಿಡ್ ಮಾಡ್ಕೊಂಡಿದಾನೆ. ಸ್ಟೇಷನ್ನಲ್ಲೂ ಹಂಗೇ ಬರ್ಸಿದೀನಿ. ನೀನ್ ನೋಡಿದ್ರೆ ಇಲ್ಲಿ ಗೋಣಿ ಹೊದಿಸ್ಕೊಂಡು ಡ್ರಾಮಾ ಮಾಡ್ತಿದೀಯ."

"ರೋಡಲ್ಲಿ ಸತ್ತೋನ ಬಾಯಲ್ಲಿ ಕಲ್ಲಿನ ಪುಡಿ ಯಾಕಿರ್ತದೆ ಸ್ವಾಮಿ?"

ಬುಲೆಟ್ಟು ಒಂದೆರಡು ಸಲ ಸುಮ್ಮನೆ ಗುಡುಗಿತು. ಮಹೇಂದ್ರ ಬಂಡೆಯ ಗುತ್ತಿಗೆದಾರ. ಬಂಡೆಯ ಮೇಲಾಗುವ ಕೆಲಸವೆಲ್ಲ ಅವನದು. ಬಂಡೆಯಾಗಲಿ, ಅದರ ಬುಡದಲ್ಲಿದ್ದ ಅಂಗಡಿಸಾಲಿನ ನೆಲವಾಗಲಿ ಅವನದಲ್ಲ. ಅದನ್ನು ಅವನು ಮರೆಯುತ್ತಿದ್ದ, ಬೇಕಾದಾಗ ನೆನಪಿಸಿಕೊಳ್ಳುತ್ತಿದ್ದ.

"ಪರ್ಮಿಟ್ಟು ರಿನ್ಯೂವಲ್ಲಿಗೆ ಹೋಗೈತೆ. ಬಂಡೆ ಮೇಲೆ ಹೆಣ ಬಿತ್ತು ಅಂತ ಬರ್ಕೊಂಡ್ರೆ ಸೀಲು. ಸೀಲಾಗಿದ್ದೇ ಜಾಗದೋರು ಲೇಔಟ್ ಮಾಡ್ತಾರೆ. ಜೆಸಿಬಿ ಫಸ್ಟು ಬರೋದು ನಿನ್ನ ಶೆಡ್ಡಿಗೆ ಕಣಣ್ಣ, ನನ್ನ ಮನೆಗಲ್ಲ. ಮಧ್ಯಾಹ್ನ ಬರ್ತೀನಿ. ಉಳಿ ಸದ್ದು ಕೇಳ್ಬೇಕು ನಂಗೆ."

ಅವನು ಹೋದ ಮೇಲೂ ಪೆಟ್ರೋಲಿನ ವಾಸನೆ ಶೆಡ್ಡಿನೊಳಗೆ ನಿಂತಿತ್ತು.

ಯಲಹಂಕ ದಾಟಿ, ಏರ್‌ಪೋರ್ಟ್ ರಸ್ತೆಯಿಂದ ಒಳಕ್ಕೆ ಬಂದರೆ ಆ ಬಂಡೆ. ಅಲ್ಲಿಗೆ ಮೊದಲು ಬಂದವರು ರೈಲು ದಾರಿಗೆ ಕಲ್ಲು ಬೇಕೆಂದ ಬಿಳಿಯರ ಕಾಲದಲ್ಲಿ ಬಂದರು ಎಂದು ಹೇಳುತ್ತಿದ್ದರು. ಕಲ್ಲು ಒಡೆಯುವವರ ಹಿಂದೆ ಉಳಿ ಬಡಿಯುವ ಕಮ್ಮಾರ ಬಂದ, ಅವನ ಹಿಂದೆ ಮುದ್ದೆ ಬೇಯಿಸುವವಳು, ಹಗ್ಗ ಮಾರುವವನು. ಬಂಡೆ ಕರಗಿ ಹಳ್ಳವಾಯಿತು. ಹಳ್ಳದ ಆಚೆ ದಡದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅವುಗಳ ಬಾಲ್ಕನಿಯಲ್ಲಿ ಒಣಗುವ ಟವೆಲ್ಲುಗಳ ಬಣ್ಣ ಈಚೆಗೂ ಕಾಣುತ್ತಿತ್ತು. ಅಂಗಡಿಸಾಲು ಮಾತ್ರ ಇದ್ದಲ್ಲೇ ಇತ್ತು. ಮುದ್ದೆಯ ಜಾಗಕ್ಕೆ ಪಟಾಲಮ್ಮನ ಇಡ್ಲಿ ಹೋಟೆಲು, ಹಗ್ಗದ ಜಾಗಕ್ಕೆ ಶಹರ್ಬಾನುವಿನ ಪಂಕ್ಚರ್ ಅಂಗಡಿ, ಕದಿರಪ್ಪನ ಮುತ್ತಜ್ಜನ ತಿದಿಯ ಜಾಗಕ್ಕೆ ಕರೆಂಟಿನ ಬ್ಲೋವರ್.

ಬಂಡೆಯವರಲ್ಲಿ ಒಂದು ಕಟ್ಟಳೆ ಇತ್ತು. ಬಂಡೆಯ ಮೇಲೆ ಯಾರಾದರೂ ಸತ್ತರೆ ಕಮ್ಮಾರ ಮೂರು ದಿನ ಕುಲುಮೆ ಹಚ್ಚುವಂತಿಲ್ಲ. ಕುಲುಮೆ ಇಲ್ಲದಿದ್ದರೆ ಉಳಿಗೆ ಮೊನೆ ಇಲ್ಲ, ಮೊನೆ ಇಲ್ಲದಿದ್ದರೆ ಕೆಲಸ ಇಲ್ಲ. ಆ ಮೂರು ದಿನ ಕಲ್ಲೊಡೆಯುವವರೆಲ್ಲ ಸತ್ತವನ ಕಡೆಯವರು. ಎಲ್ಲಿ ಕರೆದರೂ ಹೋಗಿ ಅವನ ಪರ ನಿಲ್ಲಬೇಕು. ಆದರೆ ಕುಲುಮೆ ಹತ್ತಿತೆಂದರೆ ಸಾವು ಬಂಡೆಯದಲ್ಲ, ಹೊರಗಿನದು. ಹೊಸ ಮೊನೆ ಕಟ್ಟಿಸಿಕೊಂಡ ಉಳಿ ಹಿಡಿದವನು ಸಾಕ್ಷಿ ಹೇಳುವ ಹಾಗಿಲ್ಲ. ಹೇಳಿದರೂ ಅವನ ಮಾತನ್ನು ಕಲ್ಲೊಡೆಯುವವರ ಮೇಸ್ತ್ರಿ ಹನುಮಯ್ಯ ಎತ್ತಿಹಿಡಿಯುವುದಿಲ್ಲ.

ಹಿಂದಿನ ಸಂಜೆ ಕಲ್ಲೊಡೆಯುವ ನರೇಂದ್ರ ಬಂಡೆಯ ಮೇಲೆ ಚಪ್ಪಡಿಯೊಂದನ್ನು ಮೀಟುತ್ತಿದ್ದ. ಮೇಲಿನ ಪದರ ಸದ್ದಿಲ್ಲದೆ ಜಾರಿತು. ಅವನನ್ನು ಹೊರಗೆಳೆದವರಲ್ಲಿ ಕದಿರಪ್ಪನೂ ಒಬ್ಬ. ಉಸಿರು ಇನ್ನೂ ಇದ್ದಾಗಲೇ ಮಹೇಂದ್ರನ ಪಿಕಪ್ಪು ಬಂತು, ಎತ್ತಿ ಹಾಕಿಕೊಂಡು ಹೋಯಿತು. ಮತ್ತೆ ಬಂದಾಗ ಬರೀ ನರೇಂದ್ರನ ಬೈಕನ್ನು ಒಯ್ಯಲು ಬಂತು.

"ಪಿಕಪ್ಪಿಗೆ ಹಾಕೋವಾಗ ಆ ಬೈಕಿನ ವೀಲ್ ನಾನೇ ನೋಡ್ದೆ ಅಣ್ಣಾ," ಎಂದಳು ಶಹರ್ಬಾನು. ಅವಳೂ ಪಟಾಲಮ್ಮನೂ ಮಹೇಂದ್ರ ಮರೆಯಾಗುವುದನ್ನೇ ಕಾದು ಶೆಡ್ಡಿಗೆ ಬಂದಿದ್ದರು. "ಬಿದ್ದು ಬಗ್ಗಿದ್ದಲ್ಲ. ಸುತ್ತಿಗೆ ಪೆಟ್ಟು. ನನ್ ಕಣ್ಣಿಗೆ ಗೊತ್ತು. ಬಾಯಿಗೆ ಗೊತ್ತಿಲ್ಲ."

"ಬಾಯಿಗೂ ಗೊತ್ತು ಮಾಡ್ಸು," ಎಂದ ಕದಿರಪ್ಪ.

"ಅಲ್ಲಾನೆ ಬಂದು ಮಾಡ್ಸ್ಬೇಕು. ನಂಗೆ ಇರೋದು ಇದೊಂದೇ ಅಂಗಡಿ."

ನರೇಂದ್ರನ ಹೆಂಡತಿ ಧನಲಕ್ಷ್ಮಿ ಶವಾಗಾರಕ್ಕೆ ಹೋಗಿದ್ದಳು; ಅವಳ ಕೂಸನ್ನು ಪಟಾಲಮ್ಮ ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಅದು ಇಡ್ಲಿಯ ತುಂಡೊಂದನ್ನು ಕೈಯಲ್ಲಿ ಹಿಸುಕಿ ಅವಳ ರವಿಕೆಗೆ ಒರೆಸುತ್ತಿತ್ತು.

"ಕದಿರಪ್ಪ, ನಾನಂತೂ ಇವತ್ತು ಒಲೆ ಅಚ್ಚಿವ್ನಿ. ಬಯ್ಯಂಗಿದ್ರೆ ಬಯ್ಯಿ," ಎಂದಳು. "ಸತ್ತೋನು ಒಬ್ಬ. ಅವ್ನ ಹಿಂದೆ ಈ ಸಾಲೆಲ್ಲ ಓಗ್ಬೇಕಾ? ಧನಲಕ್ಷ್ಮಿಗೆ ನಾವೆಲ್ಲ ಸೇರಿ ಏನಾರ ಮಾಡಾನ. ಮಗೀಗೆ ನಾನು ಹಾಲು ಆಕಲ್ವಾ?"

"ಆಕ್ತೀಯ, ಹೋಟ್ಲು ಇರೋಗಂಟ."

"ಊಂ ಮತ್ತೆ! ಅದ್ನೇ ಯೋಳ್ತಿರೋದು ನಾನೂ."

ಕದಿರಪ್ಪ ಅಂಗಿ ತೊಟ್ಟುಕೊಂಡ. ಮೂಲೆಯಲ್ಲಿ ಅವನ ಹೆಂಡತಿ ಮಾರಮ್ಮ ಇದ್ದಿಲನ್ನು ಗೂಡೆಯಿಂದ ಗೂಡೆಗೆ ಸುರಿಯುತ್ತಿದ್ದಳು. ಕೆಲಸ ಇಲ್ಲದ ದಿನವೂ ಕೈ ಸುಮ್ಮನಿಡದ ಹೆಂಗಸು. ಹಾಗಾಗಿ ಕದಿರಪ್ಪ ಅದನ್ನು ಗಮನಿಸಲಿಲ್ಲ.

"ಗೋಣಿ ಒಣಗಿದ್ರೆ ನೀರು ಚಿಮುಕ್ಸು," ಎಂದಷ್ಟೇ ಹೇಳಿ ಹೊರಟ.

ಶವಾಗಾರದ ಹೊರಗೆ ಬಾಡಿಗೆ ಟೆಂಪೋ ನಿಂತಿತ್ತು. ಮೇಸ್ತ್ರಿ ಹನುಮಯ್ಯ ಮುಂದಿನ ಸೀಟಿನಲ್ಲಿ ಬೀಡಿ ಹಚ್ಚದೆ ಬರೀ ಬಾಯಲ್ಲಿಟ್ಟುಕೊಂಡು ಕೂತಿದ್ದ. ಪೇಪರಿನ ಕೆಲಸ ಮುಗಿದು ನರೇಂದ್ರನನ್ನು ಹೊರಗೆ ತರುವಾಗ ಮಧ್ಯಾಹ್ನವೇ ಆಯಿತು. ಮೈಗೆಲ್ಲ ಬಿಳಿ ಬಟ್ಟೆ ಸುತ್ತಿ ಮುಖವನ್ನಷ್ಟೇ ಬಿಟ್ಟಿದ್ದರು. ಯಾರೋ ಮುಖ ಒರೆಸಿದ್ದರು. ಆದರೆ ಕಿವಿಯ ಸುರುಳಿಗಳಲ್ಲಿ, ಹುಬ್ಬಿನ ಬುಡದಲ್ಲಿ ಬೂದಿಬಣ್ಣದ ಪುಡಿ ಇನ್ನೂ ಇತ್ತು. ಕದಿರಪ್ಪ ಟವೆಲ್ಲಿನ ತುದಿಯಿಂದ ಅದನ್ನು ಒರೆಸಲು ಹೋದ.

"ಮುಟ್ಬ್ಯಾಡ ಮಾವ," ಎಂದಳು ಧನಲಕ್ಷ್ಮಿ. "ಇರ್ಲಿ ಅದು. ಸ್ಟೇಷನ್ನೋರು ನೋಡ್ಲಿ."

ಅತ್ತು ಅತ್ತು ಅವಳ ದನಿ ಗಂಡಸಿನದಾಗಿತ್ತು. ಟೆಂಪೋದ ಹಿಂಬದಿಯಲ್ಲಿ, ಗಂಡನ ತಲೆಯ ಬಳಿ ಕೂತು, ಒಂದು ಕೈಯನ್ನು ಅವನ ಕಿವಿಗೆ ಮರೆ ಹಿಡಿದಳು. ಫ್ಲೈಓವರಿನ ಮೇಲೆ ಬೀಸಿದ ಗಾಳಿಗೆ ಪುಡಿ ಹಾರಿಹೋಗಬಾರದು.

"ಕುಡ್ದಿದ್ದ ಅಂತ ಬರ್ದವ್ರೆ. ಅವ್ನು ಕುಡಿಯಾದು ಬುಟ್ಟು ಎರ್ಡು ವರ್ಸ ಆಯ್ತು. ಮಗ ಉಟ್ದಾಗ್ಲಿಂದ. ನಿಂಗೊತ್ತಲ್ವಾ ಮಾವ?"

"ಗೊತ್ತು."

"ಬಂಡೆ ಮ್ಯಾಲೆ ಸತ್ತ ಅಂತ ಬರೀಲಿ, ಸಾಕು. ಅದ್ರ ಮೇಲೆ ಪರಿಹಾರ ಗಿರಿಹಾರ ಬಂದ್ರೆ ಬರ್ಲಿ. ನಾಳೆ ನನ್ ಮಗ ಕೇಳ್ತಾನೆ, ಅಪ್ಪ ಎಂಗೆ ಸತ್ತ ಅಂತ. ಕುಡ್ದು ಬಿದ್ದ ಅನ್ಲಾ?" ಕಿವಿಗೆ ಹಿಡಿದ ಕೈಯನ್ನು ಸರಿಮಾಡಿಕೊಂಡು ಕೇಳಿದಳು: "ಕುಲುಮೆ ತಣ್ಣಗೈತಾ?"

"ತಣ್ಣಗೈತೆ. ನಾನೇ ಗೋಣಿ ಒದ್ಸಿ ಬಂದಿವ್ನಿ."

ಹನುಮಯ್ಯ ಮುಂದಿನಿಂದ ತಿರುಗಿದ. "ಅದೊಂದು ತಣ್ಣಗಿರ್ಲಿ. ಬಂಡೆ ಅತ್ರ ನಿಲ್ಸಿ ಆಳ್ಗಳ್ನ ಅತ್ತಿಸ್ಕೊಂಡು ಸೀದಾ ಸ್ಟೇಷನ್‌ಗೆ ಓಗಾನ. ಅಷ್ಟು ಜನ ಬಾಗ್ಲಾಗೆ ನಿಂತ್ರೆ ಎಂಗೆ ಬರ್ಕೊಳಲ್ವೋ ನೋಡಾನ." ಆಮೇಲೆ ಕದಿರಪ್ಪನಿಗೆ, "ನಿಂಗೆ ಮಹೇಂದ್ರ ಏನೂ ಯೋಳ್ಲಿಲ್ವಾ?"

"ಯೋಳ್ದ."

"ಯೋಳಿದ್ರೂ ಗೋಣಿ ಒದ್ಸಿದ್ಯಲ್ಲ, ಬುಡು. ನಿಮ್ಮಪ್ಪನ್ ಮಗನೇ ನೀನು."

ಕದಿರಪ್ಪನಿಗೆ ಆ ಮಾತು ಹಿಡಿಸಿತು. ಹೆಣದ ಪಕ್ಕ ಕೂತು ಹಾಗೆ ಹಿಡಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವನು ರಸ್ತೆಯ ಕಡೆ ಮುಖ ತಿರುಗಿಸಿದ. ಪಕ್ಕದಲ್ಲಿ ಟ್ಯಾಕ್ಸಿಗಳು ಏರ್‌ಪೋರ್ಟಿನತ್ತ ಓಡುತ್ತಿದ್ದವು. ಒಂದರ ಹಿಂದಿನ ಕಿಟಕಿಯಿಂದ ಹುಡುಗಿಯೊಬ್ಬಳು ಟೆಂಪೋದೊಳಕ್ಕೆ ನೋಡಿ ಮೊಬೈಲಿನ ಕಡೆ ತಲೆ ತಗ್ಗಿಸಿದಳು.

ಮಣ್ಣುದಾರಿಗೆ ಇಳಿದು ಮೊದಲ ತಿರುವು ದಾಟಿದಾಗ ಹೊಗೆ ಕಂಡಿತು.

ಮೊದಲು ಅದು ಪಟಾಲಮ್ಮನ ಒಲೆಯದೆಂದುಕೊಂಡ ಕದಿರಪ್ಪ. ಸೌದೆಯ ಹೊಗೆ ಬೆಳ್ಳಗೆ, ಅಗಲವಾಗಿ ಏಳುತ್ತದೆ. ಇದು ತೆಳ್ಳಗೆ, ನೀಲಿಯಾಗಿ, ತಗಡಿನ ಚಿಮಣಿಯಿಂದ ನೆಟ್ಟಗೆ ಹೋಗುತ್ತಿತ್ತು. ಹನುಮಯ್ಯ ಡ್ರೈವರನ ತೋಳು ತಟ್ಟಿದ. ಟೆಂಪೋ ನಿಂತಿತು. ಬ್ಲೋವರಿನ ಗುಂಯ್‌ಗುಟ್ಟುವಿಕೆ ಅಲ್ಲಿಗೇ ಕೇಳಿತು.

ಹನುಮಯ್ಯ ಬಾಯಲ್ಲಿದ್ದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಕೆಳಗಿಳಿದ. ಟೆಂಪೋದ ಹಿಂದಕ್ಕೆ ಬಂದು ನರೇಂದ್ರನ ಕಾಲಿನ ಮೇಲೆ ಒಂದು ಗಳಿಗೆ ಕೈ ಇಟ್ಟ. ಧನಲಕ್ಷ್ಮಿಯನ್ನು ನೋಡದೆ ಹೇಳಿದ: "ಅಚ್ಚಿದ್ ಮ್ಯಾಲೆ ನಾನೇನವ್ವಾ ಮಾಡ್ಲಿ." ಆಮೇಲೆ ತನ್ನ ಮನೆಯ ಕಡೆ ನಡೆದುಹೋದ.

ಕದಿರಪ್ಪ ಓಡಿದ. ಅವನು ಓಡಿದ್ದನ್ನು ಆ ಸಾಲಿನಲ್ಲಿ ಯಾರೂ ಎಂದೂ ನೋಡಿರಲಿಲ್ಲ. ಶೆಡ್ಡಿನ ಮುಂದೆ ಕಲ್ಲೊಡೆಯುವವರು ಸಾಲಾಗಿ ನಿಂತಿದ್ದರು, ಕೈಯಲ್ಲಿ ಮೊಂಡು ಉಳಿಗಳು. ಎಲ್ಲರೂ ತಂತಮ್ಮ ಉಳಿಯನ್ನೇ ನೋಡುತ್ತಿದ್ದರು. ಒಳಗೆ ಮಾರಮ್ಮ ಸೆರಗು ಬಿಗಿದು ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಗೋಣಿಯನ್ನು ಅಚ್ಚುಕಟ್ಟಾಗಿ ಮಡಿಸಿ ಪಕ್ಕಕ್ಕಿಟ್ಟಿದ್ದಳು.

"ಯಾರ್ ಯೋಳುದ್ರೆ ಅಚ್ಚಿದ್ದು?"

"ಯಾರೂ ಯೋಳ್ಲಿಲ್ಲ."

"ಮಹೇಂದ್ರ ಬಂದಿದ್ನಾ?"

"ಬಂದಿದ್ದ. ಅವ್ನು ಬರೋಕ್ ಮುಂಚೆನೇ ಅಚ್ಚಿದ್ದೆ." ಅವಳು ಎದ್ದು ನಿಂತಳು. ಮುಖದ ಒಂದು ಪಕ್ಕ ಬೆಂಕಿಯ ಝಳಕ್ಕೆ ಕೆಂಪಾಗಿತ್ತು. "ಮೂರು ದಿನ ಅಂತೀಯ. ಮೂರು ದಿನ ಆದ್ಮ್ಯಾಕೆ ಎಲ್ಗೆ ಓಗ್ತೀಯ? ಆ ಅಪಾಲ್ಟ್‌ಮೆಂಟ್ನಾಗೆ ವಾಚ್‌ಮನ್ ಆಯ್ತೀಯಾ? ಈ ವಯಸ್ನಾಗೆ ನಿನ್ನ ಯಾರ್ ಮಡಿಕ್ಕಂತಾರೆ? ಎಲ್ರೂ ನಿನ್ನ ಒಳ್ಳೇನು ಅಂತಾರೆ, ಒಳ್ಳೇನಾಗಿರು. ಪಾಪ ನನ್ ಮ್ಯಾಲೆ ಇರ್ಲಿ."

"ಥೂ, ನಿನ್ನ..."

ಅಷ್ಟರಲ್ಲಿ ಕುಲುಮೆಯೊಳಗೆ ಚಟಚಟ ಎಂದಿತು. ಮಾರಮ್ಮನಿಗೆ ಬೆಂಕಿ ಹಚ್ಚಲು ಬರುತ್ತಿತ್ತು, ಉಕ್ಕಿನ ಹದ ನೋಡಲು ಬರುತ್ತಿರಲಿಲ್ಲ. ಉಳಿಯ ತುದಿ ಕೆಂಪು ದಾಟಿ, ಹಳದಿ ದಾಟಿ ಬೆಳ್ಳಗಾಗಿ, ಸುರ್‌ಸುರ್‌ಬತ್ತಿಯಂತೆ ಕಿಡಿ ಕಾರುತ್ತಿತ್ತು. ಇನ್ನೊಂದು ಚಣ ಬಿಟ್ಟರೆ ಬೆಂದು ಹೋಗುವುದು. ಕದಿರಪ್ಪನ ಕೈ ಇಕ್ಕಳ ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ. ಉಳಿಯನ್ನು ಹೊರಗೆಳೆದ, ಅಡಗಲ್ಲಿನ ಮೇಲಿಟ್ಟ, ಸುತ್ತಿಗೆ ಎತ್ತಿದ. ಮೊದಲ ಪೆಟ್ಟು ಬಿತ್ತು.

ಆ ಸದ್ದು ಹಳ್ಳದ ಗೋಡೆಗೆ ಬಡಿದು ವಾಪಸು ಬಂತು.

ಸುತ್ತಿಗೆ ಎತ್ತಿದ ಕೈ ಮೇಲೇ ನಿಂತಿತು. ಟೆಂಪೋ ಶೆಡ್ಡಿನ ಎದುರಿಗೇ ಬಂದು ನಿಂತಿತ್ತು. ಧನಲಕ್ಷ್ಮಿ ಅವನನ್ನು ನೋಡುತ್ತಿದ್ದಳು. ಉಳಿ ಕೆಂಪಿನಿಂದ ಕಪ್ಪಿಗೆ ತಿರುಗುತ್ತಿತ್ತು. ಸಾಲಿನಲ್ಲಿ ಮೊದಲಿದ್ದವನು, ಆ ಉಳಿಯ ಯಜಮಾನ, ತಗ್ಗಿದ ದನಿಯಲ್ಲಿ, "ಆರೋಯ್ತದೆ ಕದಿರಪ್ಪಣ್ಣ," ಎಂದ.

ಕದಿರಪ್ಪ ಎರಡನೆಯ ಪೆಟ್ಟು ಹಾಕಿದ. ಮೂರನೆಯದನ್ನೂ.

ಆಮೇಲೆ ಸುಲಭವಾಯಿತು. ಉಳಿ, ನೀರು, ಉಳಿ, ನೀರು. ಮೊನೆ ಕಟ್ಟಿಸಿಕೊಂಡವರು ಬಿಸಿ ಉಳಿಯನ್ನು ಚಿಂದಿಬಟ್ಟೆಯಲ್ಲಿ ಸುತ್ತಿಕೊಂಡು, ಟೆಂಪೋವನ್ನು ಬಳಸಿ, ಬಂಡೆಯ ಕಡೆ ಹೋದರು. ಒಬ್ಬ ನಿಂತು ಹೆಣಕ್ಕೆ ಕೈ ಮುಗಿಯಲು ಹೋಗಿ, ಕೈಯಲ್ಲಿದ್ದ ಉಳಿ ನೆನಪಾಗಿ, ಹಾಗೇ ನಡೆದ. ಡ್ರೈವರ್ ಎರಡು ಸಲ ಕೇಳಿದ, "ಸ್ಟೇಷನ್ನಾ, ಮಣ್ಣಿಗಾ, ಎಲ್ಲಿಗಮ್ಮ?" ಪಟಾಲಮ್ಮ ಕೂಸನ್ನು ತಂದು ಧನಲಕ್ಷ್ಮಿಯ ಮಡಿಲಿಗೆ ಹಾಕಲು ನೋಡಿದಳು. ಧನಲಕ್ಷ್ಮಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಕೆಳಗಿಳಿದಳು. ಸೆರಗಿನ ತುದಿಯನ್ನು ಎಂಜಲಿನಲ್ಲಿ ಒದ್ದೆ ಮಾಡಿ, ಗಂಡನ ಒಂದು ಕಿವಿ ಒರೆಸಿದಳು, ಇನ್ನೊಂದು ಕಿವಿ ಒರೆಸಿದಳು, ಹುಬ್ಬು ಒರೆಸಿದಳು. ಆಮೇಲೆ ತನ್ನ ಗುಡಿಸಲಿನ ಕಡೆ ಹೋದಳು.

ವಾಪಸು ಬಂದಾಗ ಅವಳ ಕೈಯಲ್ಲಿ ಹಾರೆಯಿತ್ತು. ಅದರ ಬಾಯಿ ತೇದು ಹೆಬ್ಬೆರಳಿನಂತೆ ಉರುಟಾಗಿತ್ತು. ಬಂದವಳು ಸಾಲಿನ ಕೊನೆಗೆ ನಿಂತಳು. ಮುಂದೆ ಇದ್ದವರು ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು. ಆದರೂ ಅವಳು ಕದಲಲಿಲ್ಲ; ಅವಳ ಮುಂದೆ ಬರೀ ನೆಲ ಉಳಿದ ಮೇಲೆ ನಡೆದು ಒಳಗೆ ಬಂದಳು.

"ಗುಂಡಿ ತೋಡ್ಬೇಕು," ಎಂದಳು. "ಅಲ್ಲಿ ಕೆಳ್ಗೆಲ್ಲ ಬಂಡೆ. ಮೊಂಡು ಆರೆ ಇಳಿಯಾಕಿಲ್ಲ. ಚೂಪು ಮಾಡ್ಕೊಡು."

ಮಾರಮ್ಮ ಕುಲುಮೆಯ ಪಕ್ಕದಿಂದ ಎದ್ದು ಹಿಂದಿನ ಬಾಗಿಲಿಂದ ಹೊರಗೆ ಹೋದಳು.

ಕದಿರಪ್ಪ ಹಾರೆಯನ್ನು ತೆಗೆದುಕೊಂಡ. ದಪ್ಪ ಕಬ್ಬಿಣ, ಕಾಯಲು ಹೊತ್ತು ಬೇಕು. ಅಷ್ಟೂ ಹೊತ್ತು ಇಬ್ಬರೂ ಬೆಂಕಿಯನ್ನು ನೋಡುತ್ತ ನಿಂತರು, ಅವಳ ಉಸಿರು ಅವನಿಗೆ ಕೇಳುವಷ್ಟು ಹತ್ತಿರ. ಅವನು ಬಡಿದ. ಯಾರಿಗೂ ಎಂದೂ ಅಷ್ಟು ನಾಜೂಕಾಗಿ ಮೊನೆ ಕಟ್ಟಿರಲಿಲ್ಲ. ತಿರುಗಿಸಿ ಬಡಿದ, ಮತ್ತೆ ಕಾಯಿಸಿದ, ಮತ್ತೆ ಬಡಿದ, ತುದಿಯನ್ನಷ್ಟೇ ನೀರಿಗೆ ತೋರಿಸಿ ತೆಗೆದ.

"ಇನ್ನೂ ಬಿಸಿ ಐತೆ," ಎಂದ. "ಒಸಿ ತಡಿ."

ಅವಳು ತಡೆಯಲಿಲ್ಲ. ತಣ್ಣಗಿದ್ದ ಕಡೆ ಹಿಡಿದು, ಹಾರೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳದ ಅಂಚಿನ ದಾರಿ ಹಿಡಿದಳು. ಟೆಂಪೋ ಗೇರು ಹಾಕಿ, ಅವಳ ಹಿಂದೆ, ನಡಿಗೆಯಷ್ಟೇ ನಿಧಾನವಾಗಿ ಹೊರಟಿತು. ಅವಳ ಬೆನ್ನ ಹಿಂದೆ ಚಾಚಿದ್ದ ಕಬ್ಬಿಣದ ತುದಿಯಿಂದ ಎಳೆಯಷ್ಟು ಆವಿ ಏಳುತ್ತಿತ್ತು.