ಬೇಲಿಗೆ ಸಿಕ್ಕಿಸಿದ ಅರ್ತಿಂಗ್

ಶಿವಗಂಗಮ್ಮನವರ ಹೊಸ ಮನೆಯ ಪಾಯ ಪೆಟ್ರೋಲ್ ಪೈಪಿನ ಮೇಲೇ ಬಿದ್ದಿದೆ ಎಂದು ನಾನು ಘೋಷಿಸಿದ್ದು ೨೦೦೪ರ ಮಾರ್ಚಿನ ಒಂದು ಬೆಳಿಗ್ಗೆ. ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು. ಬಣಕಲ್‌ನಲ್ಲಿ ಮೇಲಿನಿಂದ ಏನೂ ಬೀಳುವ ಹಾಗಿರಲಿಲ್ಲ. ಆದರೆ ಅದು ಇಲ್ಲದಿದ್ದರೆ ನನ್ನನ್ನು ಇಂಜಿನಿಯರ್ ಎಂದು ಯಾರೂ ನಂಬುತ್ತಿರಲಿಲ್ಲ.

ನೆಲದೊಳಗಿನ ಪೈಪು ಎಲ್ಲಿ ಹೋಗಿದೆ ಎಂದು ಗುರುತಿಸುವುದು ನನ್ನ ಕೆಲಸ. ರಸ್ತೆ ಬದಿಯಲ್ಲಿ ಪೈಪಿಗೆ ತಂತಿ ಎಳೆದ ಒಂದು ಕಂಬವಿರುತ್ತದೆ. ಅದರ ಬೋಲ್ಟಿಗೆ ಕೆಂಪು ಕ್ಲಿಪ್ಪು, ಪೈಪಿನಿಂದ ಅಡ್ಡಕ್ಕೆ ದೂರದಲ್ಲಿ ನೆಲಕ್ಕೆ ಹೊಡೆದ ಸರಳಿಗೆ ಕಪ್ಪು ಕ್ಲಿಪ್ಪು. ನಡುವಿನ ಪೆಟ್ಟಿಗೆ ಸಣ್ಣ ಕರೆಂಟು ಹರಿಸುತ್ತದೆ. ಆ ಕರೆಂಟಿನ ಮೇಲೆ ಬಂದಾಗ ಕೈಯಲ್ಲಿರುವ ಕೋಲು ಕೂಗುತ್ತದೆ. ಕೂಗಿದಲ್ಲಿ ಬಾವುಟ ನೆಡಬೇಕು. ಪೈಪಿನ ಹತ್ತಿರ ಯಾರೂ ಮನೆ ಕಟ್ಟುವಂತಿಲ್ಲ.

ಅಂದು ಸರಳು ಗೇಣುದ್ದ ಇಳಿದು ನಿಂತುಬಿಟ್ಟಿತು. ಕೆಳಗೆ ಜಂಬಿಟ್ಟಿಗೆ ಕಲ್ಲು. ಸುತ್ತಿಗೆಯ ನಾಲ್ಕೇ ಏಟಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು.

“ಆಚೆ ತಗ್ಗಲ್ಲಿ ಸ್ಪ್ರಿಂಕ್ಲರ್ ನೀರು ನಿಂತು ಕೆಸರಾಗಿದೆ ಸಾರ್. ಅಲ್ಲಿ ಹೊಡೆಯುವ,” ಎಂದ ಜೀಪಿನ ಡ್ರೈವರ್ ವೀರೇಂದ್ರ.

ತಗ್ಗು ಅರವತ್ತು ಹೆಜ್ಜೆ ದೂರದಲ್ಲಿತ್ತು. ನನ್ನ ಪಕ್ಕದಲ್ಲೇ ತೋಟದ ಬೇಲಿ, ಕಬ್ಬಿಣದ ಕಂಬಗಳ ಮೇಲೆ ಮುಳ್ಳುತಂತಿ. ಕಂಬ ಭೂಮಿಯಲ್ಲೇ ಹೂತಿದೆ, ಇದಕ್ಕಿಂತ ಒಳ್ಳೆಯ ಅರ್ತಿಂಗ್ ಯಾವುದು? ಡಿಪ್ಲೊಮಾದಲ್ಲಿ ಈ ಪ್ರಶ್ನೆಗೆ ಆರಕ್ಕೆ ಐದೂವರೆ ಅಂಕ ತೆಗೆದವನು ನಾನು. ಕಪ್ಪು ಕ್ಲಿಪ್ಪನ್ನು ಬೇಲಿಗೆ ಸಿಕ್ಕಿಸಿದೆ. ಕೆಂಪನ್ನು ಬೋಲ್ಟಿನ ಬಣ್ಣದ ಮೇಲೇ ಕಚ್ಚಿಸಿದೆ. ಬಣ್ಣ ಕೆರೆಯುವ ಅರ ಜೀಪಿನಲ್ಲಿತ್ತು, ಜೀಪು ಬಿಸಿಲಿನಲ್ಲಿತ್ತು. ಕೋಲಿನ ಶಬ್ದ ಸಣ್ಣಗೆ ಬಂತು. ಪವರ್ ಪೂರ್ತಿ ಏರಿಸಿದೆ.

ಕೋಲು ಕೂಗುತ್ತಾ ನನ್ನನ್ನು ಬೇಲಿಯ ಪಕ್ಕದಲ್ಲೇ ನಡೆಸಿಕೊಂಡು ಹೋಗಿ ಪಾಯದ ಮೂಲೆಗೆ ತಲುಪಿಸಿತು.

“ಇಲ್ಲಿ ಎಂತದು ಮಾರಾಯ್ರೆ? ಪೈಪ್ ಹೂಳುವಾಗ ಆ ಆಳುಗಳಿಗೆ ನಾನೇ ಚಾ ಕೊಟ್ಟಿದ್ದು. ಅದು ಆ ಸಿಲ್ವರ್ ಮರದ ಆಚೆ,” ಎಂದರು ಶಿವಗಂಗಮ್ಮ. ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಸಣ್ಣ ಅಂಗಡಿ. ಅದರ ಹಿಂದಿನ ಸೋರುವ ಕೋಣೆಯಲ್ಲೇ ಹನ್ನೆರಡು ಮಳೆಗಾಲ ಕಳೆದಿದ್ದರು. ಈ ಮಳೆಗೆ ಮೊದಲು ಹೊಸ ಮನೆಯ ಗೋಡೆ ಏಳಲೇಬೇಕಿತ್ತು.

“ನೆನಪು ತಪ್ಪಬಹುದು, ಮಷೀನು ತಪ್ಪುವುದಿಲ್ಲ,” ಎಂದೆ ನಾನು. ಈ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೆಲಸ ನಿಲ್ಲಿಸುವಂತೆ ಚೀಟಿ ಬರೆದುಕೊಟ್ಟೆ. ಮೇಸ್ತ್ರಿ ಗುರುವಯ್ಯ ಚೀಟಿಯನ್ನೂ ನನ್ನ ಹೆಲ್ಮೆಟ್ಟನ್ನೂ ನೋಡಿ, ಕರಣೆ ತೊಳೆದು, ಮಧ್ಯಾಹ್ನದ ಬಸ್ಸಿಗೆ ಆಳುಗಳ ಸಮೇತ ಹೊರನಾಡಿಗೆ ಹೊರಟುಹೋದ. ಅಲ್ಲಿ ಒಂದು ಲಾಡ್ಜ್ ಕಟ್ಟುವ ಕೆಲಸ ಅವನಿಗಾಗಿ ಕಾದಿತ್ತು.

ಊಟವಾದ ಮೇಲೆ ಉಳಿದ ಬಾವುಟಗಳನ್ನು ನೆಟ್ಟೆ. ಶಿವಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಸಾಲನ್ನು ನೋಡುತ್ತಾ ಬಂದರು.

“ಹೌದಾ ಇಂಜಿನಿಯರ್ರೇ, ಪೈಪು ನಮ್ಮ ಹಲಸಿನ ಮರಕ್ಕೆ ಒಂದು ಸುತ್ತು ಹಾಕಿ ಬಚ್ಚಲ ಹಿಂದಕ್ಕೆ ಹೋಗ್ತದಾ?”

“ಪೈಪಿಗೆ ಬೆಂಡ್ ಇರುತ್ತೆ, ಅಮ್ಮ.”

“ಬೇಲಿಗೂ ಅಲ್ಲೇ ಬೆಂಡುಂಟಲ್ಲ.”

ವೀರೇಂದ್ರ ನನ್ನ ಕೈಯಿಂದ ಕೋಲು ತೆಗೆದುಕೊಂಡು ಮುಳ್ಳುತಂತಿಗೆ ತಾಗಿಸುವಷ್ಟು ಹತ್ತಿರ ಹಿಡಿದ. ಅದು ಕಿರುಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದ. ಸುಮ್ಮನಾಯಿತು.

“ಬೆಳಿಗ್ಗೆಯಿಂದ ಬೇಲಿ ಸರ್ವೆ ಮಾಡಿದ್ದೀವಿ ಸಾರ್,” ಎಂದ. “ಚೆನ್ನಾಗಿ ಬಂದಿದೆ.”

ಬೋಲ್ಟಿನ ಬಣ್ಣವನ್ನು ಅರದಿಂದ ಹೊಳೆಯುವ ತನಕ ಕೆರೆದೆ. ಸರಳನ್ನು ಕೆಸರಿಗೆ ಒಯ್ದು ಮೊಳದುದ್ದ ಇಳಿಸಿ, ಸುತ್ತ ಎರಡು ಕೊಡ ನೀರು ಸುರಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಈ ಸಲ ಕೋಲು ಸಿಲ್ವರ್ ಮರದ ಆಚೆ, ನೂಲು ಹಿಡಿದಂತೆ ನೇರವಾಗಿ ಕೂಗಿಕೊಂಡು ಹೋಯಿತು. ಪಾಯ ಅಲ್ಲಿಂದ ನೂರಡಿ ದೂರ.

ಶಿವಗಂಗಮ್ಮ ಬೈಯಲಿಲ್ಲ. ಅಂಗಡಿಗೆ ಕರೆದೊಯ್ದು ಫೋನು ಮುಂದಿಟ್ಟರು. “ನೀವೇ ಮಾತಾಡಿ.”

ಸಂಜೆ ಲಾಡ್ಜಿನ ಮಾಲೀಕರು ಗುರುವಯ್ಯನನ್ನು ಫೋನಿಗೆ ಕರೆದರು. ನಾನು ಎಲ್ಲ ಹೇಳಿದೆ. ಆತ ಸಮಾಧಾನದಿಂದ ಕೇಳಿದ.

“ಇಲ್ಲಿ ಮಾತು ಕೊಟ್ಟಾಯ್ತು ಸಾರ್. ಇನ್ನು ಮಳೆ ಕಳೀಲಿ. ದೀಪಾವಳಿ ಆದ್ಮೇಲೆ ಬರ್ತೀನಿ ಅಂತ ಅಮ್ಮನಿಗೆ ಹೇಳಿ.”

ಹೇಳಿದೆ. ಬಣಕಲ್, ಮೂಡಿಗೆರೆಯಲ್ಲಿ ಆಗ ಬಿಡುವಿದ್ದ ಬೇರೆ ಮೇಸ್ತ್ರಿ ಇರಲಿಲ್ಲ; ನಾನೂ ವೀರೇಂದ್ರನೂ ಎರಡು ದಿನ ಜೀಪಿನಲ್ಲಿ ತಿರುಗಿ ವಿಚಾರಿಸಿದೆವು.

ಮೂರನೆಯ ದಿನ ಹೊಸ ಚೀಟಿ ಕೊಡಲು ಹೋದೆ. ‘ಮೊದಲ ಅಳತೆ ತಪ್ಪಾಗಿತ್ತು’ ಎಂದು ಬರೆದಿದ್ದೆ. ಶಿವಗಂಗಮ್ಮ ಓದಿ ವಾಪಸು ಕೊಟ್ಟರು.

“ಅಳತೆ ತಾನಾಗೇ ತಪ್ತದಾ?”

‘ನನ್ನಿಂದ’ ಎಂದು ಸೇರಿಸಿದೆ.

ಅವರು ಚೀಟಿಯನ್ನು ಸಕ್ಕರೆ ಡಬ್ಬದ ಕೆಳಗಿಟ್ಟು, ಒಂದು ನೀಲಿ ಟಾರ್ಪಾಲು ಎಳೆದು ತಂದು ನನ್ನ ಕೈಗೆ ಕೊಟ್ಟರು. “ಬನ್ನಿ, ಕೋಣೆಯ ಮಾಡಿನ ಮೇಲೆ ಹಾಕಿ. ಇನ್ನೊಂದು ಮಳೆಗಾಲ ಇದರಲ್ಲೇ ಕಳೀಬೇಕಲ್ಲ.”

ನಾನು ಹತ್ತಿ ನಾಲ್ಕು ಮೂಲೆಗೂ ಹಗ್ಗ ಬಿಗಿದೆ. ಇಳಿದ ಮೇಲೆ ಅವರು ಏಣಿ ಹತ್ತಿ, ನಾಲ್ಕು ಗಂಟುಗಳನ್ನೂ ಬಿಚ್ಚಿ, ತಾವೇ ಮತ್ತೆ ಕಟ್ಟಿದರು.